ಸದ್ದು ಕೇಳಿ ತಂದ ಬೋಗುಣಿ

ತುತ್ತೂರಿ ಮೇಸ್ತ್ರಿ ಅಂಗಡಿಯ ಬೀಗದ ಕೈಯನ್ನು ಮಗನಿಗೆ ಒಪ್ಪಿಸಿ ಮನೆಗೆ ಬಂದ ದಿನವೇ ಅವನ ಹೆಂಡತಿ ಅಡುಗೆಮನೆಯ ದೀಪ ಆರಿಸಿ ಹೊರಗೆ ಬಂದಳು.

"ನಿಮ್ಮದು ಮುಗೀತಲ್ಲ, ನಂದೂ ಮುಗೀತು," ಅಂದಳು.

ಮೇಸ್ತ್ರಿ ಚಪ್ಪಲಿ ಬಿಡುತ್ತಿದ್ದವನು ಒಂದು ಕಾಲಿನಲ್ಲೇ ನಿಂತ. "ಏನು ಮುಗೀತು?"

"ಒಲೆ ಮುಂದೆ ನಿಲ್ಲೋದು. ನೀವು ತುತ್ತೂರಿ ರಿಪೇರಿ ಶುರು ಮಾಡಿದ ವರ್ಷವೇ ನಾನು ಈ ಮನೇಲಿ ಒಲೆ ಹಚ್ಚಿದ್ದು. ಒಟ್ಟಿಗೇ ಶುರು ಮಾಡಿದ್ವಿ, ಒಟ್ಟಿಗೇ ಬಿಡೋಣ."

ಇದು ಜಗಳದ ದನಿಯಲ್ಲಿ ಬಂದ ಮಾತಲ್ಲ. ಬಹಳ ದಿನದಿಂದ ಮನಸ್ಸಿನಲ್ಲಿ ಕೂಡಿಸಿ ಕಳೆದು, ಲೆಕ್ಕ ಸರಿಹೋದ ಮೇಲೆ ಆಡಿದ ಮಾತು. ಗ್ರಂಥಾಲಯದ ಹಜಾರದಲ್ಲಿ ಸಂಜೆ ಹೊತ್ತು ಒಂದು ಗಾಯನ ಗುಂಪು ಸೇರುತ್ತಿತ್ತು. ಅವಳು ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಬರುತ್ತಿದ್ದಳು. ಈಗ ಗುಂಪು ವೇದಿಕೆ ಹತ್ತುವುದಿತ್ತು. ಹಾಡುವವರು ದಿನವೂ ಸಂಜೆ ಅಭ್ಯಾಸಕ್ಕೆ ಬರಲೇಬೇಕು, ಬರುವವರು ಯಾರು ಎಂದು ಮುಂದಿನ ಶನಿವಾರದೊಳಗೆ ಹೇಳಬೇಕು ಎಂದು ಹಾಡಿನ ಮೇಷ್ಟ್ರು ತಾಕೀತು ಮಾಡಿದ್ದರು. ಅಭ್ಯಾಸದ ಹೊತ್ತೂ ರಾತ್ರಿಯ ಅಡುಗೆಯ ಹೊತ್ತೂ ಒಂದೇ.

ಸೊಸೆ ಆಗತಾನೇ ಕೆಲಸದಿಂದ ಬಂದು ಬೂಟು ಬಿಚ್ಚುತ್ತಿದ್ದಳು. ಅವಳು ನಗರದ ಬಸ್ಸು ಓಡಿಸುತ್ತಿದ್ದಳು. ಬೆಳಗಿನ ತಿಂಡಿಯ ಜವಾಬ್ದಾರಿ ಮೊದಲಿನಿಂದಲೂ ಅವಳದು. ರಾತ್ರಿಯ ಊಟ ಮಾತ್ರ ಅತ್ತೆಯ ಕೈಯಲ್ಲಿತ್ತು.

"ಹಾಗಾದ್ರೆ ಊಟ?" ಎಂದು ಮಗ ಕೇಳಿದ.

"ನೋಡು, ಹೊಟ್ಟೆಯಿಂದಲೇ ಮಾತು ಹೊರಟಿತು," ಎಂದಳು ಸೊಸೆ.

ಮೇಸ್ತ್ರಿ ಇನ್ನೊಂದು ಚಪ್ಪಲಿಯನ್ನೂ ಬಿಟ್ಟು ನೇರ ನಿಂತ. "ನಾನು ಮಾಡ್ತೀನಿ."

ಮಗ ಗೋಡೆ ನೋಡಿದ.

"ಯಾಕೆ, ಏನಾಯ್ತು? ಲೋಹ, ಬೆಂಕಿ, ನೀರು. ಇಷ್ಟು ವರ್ಷ ನಾನು ಮಾಡಿದ್ದು ಇನ್ನೇನು?"

"ಉಪ್ಪು ಮರೆತ್ರಿ," ಅಂದಳು ಹೆಂಡತಿ. ಆಮೇಲೆ ನಗು ಬಿಟ್ಟು ನಿಧಾನವಾಗಿ ಹೇಳಿದಳು: "ನೋಡೀ, ನನ್ನ ಸ್ವಭಾವ ನನಗೆ ಗೊತ್ತು. ಕಣ್ಣೆದುರಿಗೆ ಅನ್ನ ಸೀದು ಹೋಗ್ತಿದ್ರೆ ಹಾಡ್ತಾ ನಿಂತಿರೋಳಲ್ಲ ನಾನು. ಮತ್ತೆ ಬಂದು ಸೌಟು ಹಿಡೀತೀನಿ. ಹಿಡಿದ ಮೇಲೆ ಅದು ನನ್ನ ಕೈ ಬಿಡಲ್ಲ. ಅದಕ್ಕೇ ಶನಿವಾರದವರೆಗೆ ನೋಡ್ತೀನಿ. ಆಮೇಲೆ ಮೇಷ್ಟ್ರಿಗೆ ಹೂಂ ಅಂತೀನೋ ಉಹೂಂ ಅಂತೀನೋ ಹೇಳ್ತೀನಿ."

ಮೇಸ್ತ್ರಿ ತಲೆಯಾಡಿಸಿದ. ಅವನಿಗೆ ಒಂದು ವಿಷಯ ಗೊತ್ತಿತ್ತು, ಆದರೆ ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ. ಮೊದಲು ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಅವನು ಸುತ್ತಿಗೆ ಎತ್ತಿದಾಗಲೆಲ್ಲ ಒಳಗೆ ಹೆಂಡತಿಯ ಗುನುಗು ನಿಂತುಹೋಗುತ್ತಿತ್ತು. ಸುತ್ತಿಗೆ ಇಳಿಸಿದರೆ ಮತ್ತೆ ಶುರು. ಸುತ್ತಿಗೆ ಎತ್ತಿದ್ದೇ ಹೆಚ್ಚು. ಈಗಲಾದರೂ ಆ ಗುನುಗು ನಡುವೆ ತುಂಡಾಗದೆ ಪೂರ್ತಿ ಹಾಡಾಗಲಿ ಎಂದು ಅವನ ಆಸೆ.

ಕೆಲಸಗಾರನಿಗೆ ಮೊದಲು ತನ್ನ ಉಪಕರಣ ಬೇಕು. ಮನೆಯ ಪಾತ್ರೆಗಳನ್ನು ಒಂದೊಂದಾಗಿ ಎತ್ತಿ ನೋಡಿ ಅವನು ಮುಖ ಸಿಂಡರಿಸಿದ. ಸ್ಟೀಲಿನ ವಿಷಯ ಅವನಿಗೆ ತಿಳಿಯದು, ಅಲ್ಯೂಮಿನಿಯಂ ಮೇಲೆ ಗೌರವವಿಲ್ಲ. ತಾಮ್ರ, ಹಿತ್ತಾಳೆ ಮಾತ್ರ ಅವನ ಕೈಗೆ ಪಳಗಿದ್ದವು. ಮರುದಿನ ಬೆಳಿಗ್ಗೆಯೇ ಪಾತ್ರೆ ಅಂಗಡಿಗೆ ಹೋದ.

ಅಂಗಡಿಯ ಒಡತಿ ದಪ್ಪ ಕನ್ನಡಕದ ಹೆಂಗಸು. ಪತ್ರಿಕೆಯ ಪದಬಂಧ ಬಿಡಿಸುತ್ತ ಕೂತಿದ್ದಳು. ಮೇಸ್ತ್ರಿ ಜೇಬಿನಿಂದ ಚಿಕ್ಕ ಅಯಸ್ಕಾಂತ ತೆಗೆದು ಪಾತ್ರೆಗಳ ಮೇಲೆ ಆಡಿಸತೊಡಗಿದಾಗ ಪೆನ್ನು ಕೆಳಗಿಟ್ಟಳು.

"ಏನು ಯಜಮಾನ್ರೇ, ಕಬ್ಬಿಣ ಹುಡುಕ್ತಿದ್ದೀರಾ?"

"ತಾಮ್ರದ ನೀರು ಕುಡಿಸಿ ಒಳಗೆ ಕಬ್ಬಿಣ ಇಟ್ಟಿರ್ತಾರಲ್ಲ, ಅದನ್ನ ನೋಡ್ತಿದ್ದೀನಿ ತಾಯಿ."

"ನಮ್ಮಲ್ಲಿ ಆ ಕಳ್ಳಾಟ ಇಲ್ಲ. ಅಡುಗೆಗಾ, ಅಂದಕ್ಕಾ?"

"ಅಡುಗೆಗೆ. ಒಳಗೆ ಕಲಾಯಿ ಇರಲೇಬೇಕು. ಟೊಮೆಟೊ, ಹುಳಿ ಎಲ್ಲ ಹಾಕೋದು. ಬರೀ ತಾಮ್ರದಲ್ಲಿ ಹುಳಿ ಬೇಯಿಸಿದ್ರೆ ತಾಮ್ರ ಬಿಟ್ಕೊಂಡು ಊಟಕ್ಕೇ ಸೇರುತ್ತೆ."

ಒಡತಿಗೆ ಈ ಗಿರಾಕಿಯ ಮೇಲೆ ಗೌರವ ಬಂತು. ಕೆಳಗಿನ ಹಲಗೆಯಿಂದ ಒಂದು ಬೋಗುಣಿಯನ್ನು ಎರಡು ಕೈಯಲ್ಲಿ ಎತ್ತಿ ಮುಂದಿಟ್ಟಳು. ಹೊರಗೆ ಮಾಸಲು ಕೆಂಪು, ಒಳಗೆ ತವರದ ಬಿಳಿ ಕಲಾಯಿ, ಎರಡು ಕಡೆ ರಿವಿಟ್ ಹೊಡೆದ ಗಟ್ಟಿ ಹಿಡಿ. "ಇದನ್ನ ತಗೊಳ್ಳಿ. ಕಣ್ಣು ಮುಚ್ಚಿ ತಗೊಳ್ಳಿ."

ಮೇಸ್ತ್ರಿ ಕಣ್ಣು ಮುಚ್ಚಿದ್ದು ನಿಜ. ಆದರೆ ಕಿವಿ ತೆರೆದ. ಬೋಗುಣಿಯನ್ನು ಹಿಡಿಯಲ್ಲಿ ತೂಗಿ, ಬೆರಳ ಗಿಣ್ಣಿನಿಂದ ಒಮ್ಮೆ ಹೊಡೆದ.

ಧಬ್.

ಅವನ ಹುಬ್ಬು ಗಂಟಿಕ್ಕಿತು. ಅವನ ವೃತ್ತಿಯಲ್ಲಿ ಈ ಸದ್ದಿಗೆ ಒಂದೇ ಅರ್ಥ: ಎಲ್ಲೋ ಬೆಸುಗೆ ಬಿಟ್ಟಿದೆ, ಇಲ್ಲವೇ ಕೂದಲೆಳೆಯ ಬಿರುಕು ಬಿದ್ದಿದೆ. ತುತ್ತೂರಿಯ ಬಾಯನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿಯೇ ಕಾಯಿಲೆ ಹೇಳುತ್ತಿದ್ದ ಮನುಷ್ಯ. ಊರಿನ ವಾದ್ಯದವರು ಅವನ ಕಿವಿಯ ಮೇಲೆ ಆಣೆ ಇಡುತ್ತಿದ್ದರು.

"ಇದು ಸತ್ತಿದೆ," ಅಂದ.

"ಏನು?"

"ಸದ್ದಿಲ್ಲ ತಾಯಿ, ಇದರಲ್ಲಿ ಜೀವ ಇಲ್ಲ." ಮೇಲಿನ ಹಲಗೆಯಲ್ಲಿ ಮೈತುಂಬ ಸುತ್ತಿಗೆಯ ಚುಕ್ಕಿಗಳಿದ್ದ, ಕನ್ನಡಿಯಂತೆ ಹೊಳೆಯುವ ಇನ್ನೊಂದು ಬೋಗುಣಿ ಇತ್ತು. ಅದನ್ನೂ ತಟ್ಟಿದ. ಟಿಣ್ಣ್ಣ್ ಎಂದು ಹೊರಟ ದನಿ ಅಂಗಡಿಯನ್ನೆಲ್ಲ ಸುತ್ತಿ, ಗಾಜಿನ ಬೀರುವಿಗೆ ತಾಗಿ, ನಿಧಾನವಾಗಿ ಕರಗಿತು. ಅದು ಪೂರ್ತಿ ಆರುವವರೆಗೆ ಮೇಸ್ತ್ರಿ ತಲೆ ಓರೆ ಮಾಡಿ ನಿಂತಿದ್ದ. "ಇದು. ಇದು ನೋಡಿ ಪಾತ್ರೆ."

"ಯಜಮಾನ್ರೇ, ಅದು ತೆಳು. ಮೇಜಿನ ಮೇಲೆ ಬಡಿಸೋಕೆ ಇಡೋದು. ಅಡುಗೆ ಮಾಡ್ತೀರೋ, ಗಂಟೆ ಹೊಡೀತೀರೋ?"

"ಲೋಹದ ವಿಷಯ ನನಗೆ ಬಿಡಿ ತಾಯಿ."

ಒಡತಿ ಬಿಟ್ಟಳು. ಗಿರಾಕಿ ದೇವರಿದ್ದಂತೆ ಎಂಬುದಕ್ಕಿಂತ, ಗಂಡಸರು ಲೋಹದ ವಿಷಯ ಮಾತಾಡತೊಡಗಿದರೆ ನಿಲ್ಲಿಸಲಾಗದು ಎಂಬುದು ಅವಳ ಅನುಭವ. ಬೋಗುಣಿ ಕಟ್ಟಿಕೊಟ್ಟು ಪದಬಂಧಕ್ಕೆ ಮರಳಿದಳು.

ಮೊದಲ ಸಂಜೆ ಆಲೂಗಡ್ಡೆ-ಬಟಾಣಿ ಬೇಯಿಸಿದ. ನಡುವಿನ ಆಲೂಗಡ್ಡೆ ಇದ್ದಿಲಾಯಿತು, ಅಂಚಿನದು ಹಲ್ಲಿಗೆ ಕಟಕಟ ಅಂದಿತು. ಒಂದೇ ಪಾತ್ರೆಯಲ್ಲಿ ಒಂದೇ ಹೊತ್ತಿನಲ್ಲಿ ಎರಡೂ ಆದದ್ದು ಹೇಗೆಂದು ಮಗನಿಗೆ ಆಶ್ಚರ್ಯ.

"ಮಾವ, ನಡುವಲ್ಲಿರೋರು ಊರು ದಾಟಿದ್ದಾರೆ," ಎಂದಳು ಸೊಸೆ, ತಟ್ಟೆಯಲ್ಲಿ ಕರಿ ಹೋಳನ್ನು ಒಂದು ಬದಿಗೆ ಸರಿಸುತ್ತ. "ಅಂಚಲ್ಲಿರೋರು ಇನ್ನೂ ಬಸ್ಸೇ ಹತ್ತಿಲ್ಲ."

"ಮೊದಲ ದಿನ ಕಣಮ್ಮ. ಪಾತ್ರೆ ಪಳಗಬೇಕು."

ಎರಡನೆಯ ಸಂಜೆ ಉರಿ ತಗ್ಗಿಸಿದ. ಅನ್ನದ ತಳ ಹತ್ತಿತು, ಮೇಲೆ ಅಕ್ಕಿ ಅಕ್ಕಿಯಾಗಿಯೇ ಉಳಿಯಿತು. ಮೂರನೆಯ ಸಂಜೆ ಬಿಡದೆ ಕೈಯಾಡಿಸಿದ. ಅದಕ್ಕೆ ಬೇಳೆ ಹಿಟ್ಟಾಗಿ, ಹಿಟ್ಟು ತಳಕ್ಕೆ ಅಂಟಿ, ಅದರ ವಾಸನೆ ಬೀದಿಯ ತಿರುವಿನವರೆಗೆ ಹೋಯಿತು. ಪಕ್ಕದ ಮನೆಯವರು ಕಿಟಕಿಯಿಂದ ತಲೆ ಹಾಕಿ, ಏನಾದರೂ ಬೆಂಕಿ ಗಿಂಕಿ ಬಿದ್ದಿದೆಯೇ ಎಂದು ವಿಚಾರಿಸಿಕೊಂಡರು.

ತಪ್ಪು ಎಲ್ಲಿದೆ ಎಂದು ಹುಡುಕುವುದೇ ಮೇಸ್ತ್ರಿಯ ಬದುಕಾಗಿತ್ತು. ಅವನು ಗ್ಯಾಸ್ ಒಲೆಯ ಬರ್ನರ್ ಬಿಚ್ಚಿ ಒಂದೊಂದು ತೂತನ್ನೂ ಪಿನ್ನಿನಿಂದ ಚೊಕ್ಕಟ ಮಾಡಿದ. ಆಲೂಗಡ್ಡೆ ಹಳೆಯದೆಂದು ತರಕಾರಿಯವನನ್ನು ಬೈದ. ಸೌಟು ಬದಲಾಯಿಸಿದ. ಪಾತ್ರೆಯ ಕಡೆ ಮಾತ್ರ ನೋಡಲಿಲ್ಲ. ಅದನ್ನು ತೊಳೆದು ಒರೆಸುವಾಗ ಒಮ್ಮೆ ತಟ್ಟುತ್ತಿದ್ದ. ಟಿಣ್ಣ್ ಅನ್ನುತ್ತಿತ್ತು. ಇಷ್ಟು ಚೆನ್ನಾಗಿ ಹಾಡುವ ಪಾತ್ರೆಯಲ್ಲಿ ದೋಷವೇ?

"ಈ ಒಲೆ ಸರಿ ಇಲ್ಲ," ಎಂದ ಊಟದ ಹೊತ್ತಿನಲ್ಲಿ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದಳು ಹೆಂಡತಿ. ಆದರೆ ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಅವಳ ಕಣ್ಣು ಅಡುಗೆಮನೆಯ ಬಾಗಿಲ ಕಡೆಗೇ ಇತ್ತು.

ನಾಲ್ಕನೆಯ ಸಂಜೆ ಮೇಸ್ತ್ರಿ ಹಾಲು ಕಾಯಿಸಲು ಹೋದ. ಹಾಲಿನ ನಡುವಿನಿಂದ ಕಂದು ಚಕ್ಕೆಗಳು ಎದ್ದು ತೇಲಿದವು. ಅವನು ತಿರುಗಿ ನೋಡಿದರೆ ಹೆಂಡತಿ ಹೊಸ್ತಿಲಲ್ಲಿ ನಿಂತಿದ್ದಳು. ಒಂದು ಕಾಲು ಒಳಗೆ, ಒಂದು ಹೊರಗೆ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

"ಬಿಡಿ, ನಾಳೆಯಿಂದ ನಾನೇ ಬರ್ತೀನಿ," ಎಂದಳು ಮೆಲ್ಲಗೆ. "ಹಾಡು ಎಲ್ಲಿಗೆ ಓಡಿಹೋಗುತ್ತೆ? ಮುಂದಿನ ಸಲ ನಿಂತರಾಯ್ತು."

ಬೈದಿದ್ದರೆ ಮೇಸ್ತ್ರಿ ತಡೆದುಕೊಳ್ಳುತ್ತಿದ್ದ. ಇದು ತಡೆಯಲಾಗಲಿಲ್ಲ. "ಸೆರಗು ಬಿಚ್ಚು ಮೊದಲು," ಎಂದ. "ಶನಿವಾರದವರೆಗೆ ಅಂತ ನೀನೇ ಅಂದಿದ್ದೆ. ಇವತ್ತಿನ್ನೂ ಗುರುವಾರ. ಹೋಗು, ಅಭ್ಯಾಸಕ್ಕೆ ಹೊತ್ತಾಯ್ತು."

"ಹಾಲು..."

"ಹಾಲಿನ ಚಿಂತೆ ಹಸುವಿಗೆ ಬಿಡು!"

ಅವಳು ನಕ್ಕು ಹೋದಳು. ಆದರೆ ಬೀದಿಯಲ್ಲಿ ಎರಡು ಸಲ ತಿರುಗಿ ನೋಡಿದ್ದನ್ನು ಮೇಸ್ತ್ರಿ ಕಿಟಕಿಯಿಂದ ಕಂಡ.

ಅವಳು ಮರೆಯಾದ ಮೇಲೆ ಸ್ಟೂಲ್ ಎಳೆದುಕೊಂಡು ಒಲೆಯೆದುರು ಕೂತ. ಬೆಸುಗೆ ಬಿಟ್ಟು ಗಾಳಿ ಸೋರುವ ತುತ್ತೂರಿ ಬಂದಾಗ ಏನು ಮಾಡುತ್ತಿದ್ದೆ ಎಂದು ತನ್ನನ್ನೇ ಕೇಳಿಕೊಂಡ. ಅದರ ಬಾಯಿ ಮುಚ್ಚಿ ಒಳಗೆ ಹೊಗೆ ಊದುತ್ತಿದ್ದ. ಹೊಗೆ ಎಲ್ಲಿ ಹೊರಬರುತ್ತದೋ ಅಲ್ಲಿ ರೋಗ. ಇಲ್ಲಿ ಸೋರುವುದು ಗಾಳಿಯಲ್ಲ, ಶಾಖ. ಶಾಖಕ್ಕೆ ಹೊಗೆಯಂಥದ್ದು ಏನು?

ಡಬ್ಬಿಯಿಂದ ಗೋಧಿ ಹಿಟ್ಟು ತೆಗೆದು, ತೊಳೆದು ಒರೆಸಿದ ಬೋಗುಣಿಯ ತಳಕ್ಕೆ ತೆಳ್ಳಗೆ, ಸಮವಾಗಿ ಹರಡಿದ. ಸಣ್ಣ ಉರಿಯಲ್ಲಿಟ್ಟು ಕಣ್ಣು ಮಿಟುಕಿಸದೆ ನೋಡಿದ. ತವರ ಬೇಗ ಕರಗುವ ಲೋಹ, ಪಾತ್ರೆ ಬರಿದಾಗಿ ಕಾದರೆ ಕಲಾಯಿ ಹನಿಗಟ್ಟಿ ಹೋಗುತ್ತದೆ ಎಂಬುದು ಅವನಿಗೆ ಬೆಸುಗೆಯ ಕೆಲಸದಿಂದಲೇ ಗೊತ್ತು. ಅದಕ್ಕೆ ಕೈ ಒಲೆಯ ಗುಂಡಿಯ ಮೇಲೇ ಇತ್ತು.

ಸ್ವಲ್ಪ ಹೊತ್ತಿಗೆ ನಡುವೆ ಒಂದು ಕಂದು ಬಳೆ ಮೂಡಿತು. ಅದು ಕಪ್ಪಾಯಿತು. ಅಳತೆ ಹಿಡಿದಂತೆ ಬರ್ನರಿನಷ್ಟೇ ದೊಡ್ಡದು. ಅದರ ಸುತ್ತ ಅಂಚಿನವರೆಗೂ ಹಿಟ್ಟು ಹಾಲಿನಷ್ಟು ಬೆಳ್ಳಗೆ ಹಾಗೇ ಇತ್ತು.

ಮೇಸ್ತ್ರಿ ಒಲೆ ಆರಿಸಿದ. ಹಿಟ್ಟು ಕೊಡವಿ, ಪಾತ್ರೆ ತಣ್ಣಗಾದ ಮೇಲೆ ಮೇಜಿನ ಮೇಲಿಟ್ಟು ಅಂಚನ್ನು ಬೆರಳಿನಿಂದ ಒತ್ತಿದ. ಅದು ತಕತಕನೆ ತೂಗಾಡಿತು. ನಾಲ್ಕು ದಿನದ ಬಿಸಿಗೇ ತಳ ಉಬ್ಬಿತ್ತು.

"ನೆಲ ಡೊಂಕೇ ಕಣೇ," ಎಂದು ಖಾಲಿ ಮನೆಗೆ ಹೇಳಿದ.

ಆಗ ಎಲ್ಲ ಹೊಳೆಯಿತು. ಹೊಳೆದದ್ದು ಅವನಿಗೆ ಗೊತ್ತಿದ್ದ ವಿಷಯವೇ. ತಗಡನ್ನು ಸುತ್ತಿಗೆಯಿಂದ ಬಡಿದಷ್ಟೂ ಅದು ಬಿರುಸಾಗುತ್ತದೆ, ತೆಳುವಾಗುತ್ತದೆ, ತಟ್ಟಿದರೆ ಕೂಗುತ್ತದೆ. ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿದರೆ ಮೂಕವಾಗುತ್ತದೆ. ತುತ್ತೂರಿಗೆ ತೆಳುವೇ ಗುಣ, ಏಕೆಂದರೆ ಅದು ಮಾತಾಡಬೇಕು. ಬೋಗುಣಿ ಯಾರ ಜೊತೆ ಮಾತಾಡಬೇಕು? ಅದರ ಕೆಲಸ ಬರ್ನರಿನ ಮೇಲೆ ಬಿದ್ದ ಶಾಖವನ್ನು ಅಂಚಿನವರೆಗೆ ಹಂಚುವುದು. ಹಂಚಬೇಕಾದರೆ ಮೈಯಲ್ಲಿ ದಪ್ಪ ಬೇಕು. ಅಂಗಡಿಯಲ್ಲಿ ಅವನು ಸತ್ತಿದೆ ಎಂದು ತಳ್ಳಿದ ಬೋಗುಣಿಗೆ ಕಾಯಿಲೆ ಏನೂ ಇರಲಿಲ್ಲ. ಅದು ದಪ್ಪಗಿತ್ತು, ಅಷ್ಟೇ.

ಶುಕ್ರವಾರ ಸೊಸೆಗೆ ರಜೆ. ಮೇಸ್ತ್ರಿ ಅವಳ ಮುಂದೆ ಗಂಟಲು ಸರಿಮಾಡಿಕೊಂಡ.

"ಒಂದು ಮಾತು ಕಣಮ್ಮ. ಮನೇಲಿ ಯಾರಿಗೂ ಹೇಳಬಾರದು."

"ಹೇಳಿ ಮಾವ."

ಅವನು ಹೇಳಿದ. ಅವಳು ಗಂಭೀರವಾಗಿ ಕೇಳಿಸಿಕೊಂಡಳು, ಕೊನೆಯವರೆಗೂ. ಆಮೇಲೆ ಅಂದಳು: "ಅಂದ್ರೆ ಹಾರ್ನ್ ಚೆನ್ನಾಗಿದೆ ಅಂತ ಬಸ್ಸು ತಗೊಂಡ ಹಾಗಾಯ್ತು."

"ಹೂಂ. ಹಾಗೇ ಆಯ್ತು."

"ಎಂಜಿನ್ ನೋಡಲೇ ಇಲ್ಲ."

"ಇಲ್ಲ ಕಣಮ್ಮ, ಇಲ್ಲ. ಸಾಕು ನಗು, ಆ ಬೋಗುಣಿ ಚೀಲಕ್ಕೆ ಹಾಕಿ ಚಪ್ಪಲಿ ಹಾಕ್ಕೋ."

ಪಾತ್ರೆ ಅಂಗಡಿಯ ಹೊಸ್ತಿಲು ತುಳಿಯುವ ಮೊದಲು ಮೇಸ್ತ್ರಿ ಜೇಬಿನಿಂದ ಹತ್ತಿ ತೆಗೆದು ಎರಡು ಉಂಡೆ ಮಾಡಿದ. ಒಂದೊಂದು ಕಿವಿಗೆ ಒಂದೊಂದು ತುರುಕಿದ.

"ಇದ್ಯಾಕೆ ಮಾವ?"

"ಈ ಕಿವಿಗಳನ್ನ ನಂಬೋಕಾಗಲ್ಲ. ಅಲ್ಲಿಗೆ ಹೋದ ಕೂಡಲೇ ಮತ್ತೆ ಹಾಡು ಕೇಳ್ತವೆ."

ಒಡತಿ ಕನ್ನಡಕದ ಮೇಲಿನಿಂದ ನೋಡಿದಳು. "ಬಂದ್ರಾ ಯಜಮಾನ್ರೇ? ನಾನು ನಿಮ್ಮನ್ನ ಇನ್ನೂ ಬೇಗ ನಿರೀಕ್ಷಿಸಿದ್ದೆ."

"ಏನಂದ್ರಿ?" ಎಂದು ಮೇಸ್ತ್ರಿ ಕೂಗಿದ.

"ಕಿವಿ ಕೇಳಿಸಲ್ವಾ ಇವರಿಗೆ?" ಎಂದು ಒಡತಿ ಸೊಸೆಯನ್ನು ಕೇಳಿದಳು.

"ಇವತ್ತು ಬೇಕಂತಲೇ ಕಿವುಡು," ಎಂದಳು ಸೊಸೆ.

ಮೇಸ್ತ್ರಿ ತನ್ನ ಕೆಲಸಕ್ಕಿಳಿದಿದ್ದ. ತುತ್ತೂರಿಯ ಕೊಳವೆ ಅಳೆಯುವ ಕ್ಯಾಲಿಪರ್ ತಂದಿದ್ದ. ಅದರಿಂದ ಒಂದೊಂದು ಬೋಗುಣಿಯ ಅಂಚಿನ ದಪ್ಪ ಹಿಡಿದು ನೋಡಿದ. ಉಕ್ಕಿನ ಅಳತೆಪಟ್ಟಿಯನ್ನು ತಳಕ್ಕೆ ಅಡ್ಡ ಇಟ್ಟು, ಬೆಳಕಿಗೆ ಹಿಡಿದು, ಸಂದಿನಲ್ಲಿ ಬೆಳಕು ಇಣುಕುತ್ತದೆಯೇ ಎಂದು ಪರೀಕ್ಷಿಸಿದ. ಹಿಡಿಯ ರಿವಿಟ್ಟುಗಳನ್ನು ಹೆಬ್ಬೆರಳಿನಿಂದ ತಿರುಚಿ ಅಲುಗಾಡುತ್ತವೆಯೇ ಎಂದು ನೋಡಿದ. ಒಳಗಿನ ಕಲಾಯಿ ಎಲ್ಲಾದರೂ ತೆಳುವಾಗಿ ಕೆಂಪು ಇಣುಕಿದೆಯೇ ಎಂದು ಬೆರಳಾಡಿಸಿದ. ಕೊನೆಗೆ ಮೊದಲ ದಿನದ ಅದೇ ಮಾಸಲು ಕೆಂಪು ಬೋಗುಣಿಯ ಮುಂದೆ ನಿಂತು, ಅದನ್ನೆತ್ತಿ ಸೊಸೆಯ ಕೈಗಿಟ್ಟ.

ಅವಳ ಕೈ ಒಮ್ಮೆ ಕುಸಿದು ಮೇಲೆದ್ದಿತು. "ಅಬ್ಬಾ! ಸ್ಟೇರಿಂಗ್ ತಿರುಗಿಸೋ ಕೈ ನಂದು, ನನಗೇ ಭಾರ. ತುಂಬಿದ ಮೇಲೆ ಎತ್ತೋಕಾಗುತ್ತಾ ನಿಮಗೆ?"

ಮೇಸ್ತ್ರಿಗೆ ಇದು ಕೇಳಿಸದಿದ್ದರೂ ಅರ್ಥವಾಯಿತು. ಎರಡೂ ಹಿಡಿ ಹಿಡಿದು ಎತ್ತಿ ಇಳಿಸಿ ತೋರಿಸಿದ.

"ಅದೇ ನೋಡಿ, ನಾನು ಮೊದಲೇ ಕೊಟ್ಟಿದ್ದು," ಎಂದಳು ಒಡತಿ. "ಹಳೇದನ್ನ ಇಲ್ಲಿಡಿ. ಹಳೆ ತಾಮ್ರ ತೂಕಕ್ಕೆ ತಗೊಂಡು ಹೊಸದು ಕೊಡೋದು ನಮ್ಮ ಪದ್ಧತಿ. ಮತ್ತೆ ಕೇಳಿಸ್ಕೊಳ್ಳಿ, ಇದರಲ್ಲಿ ದೊಡ್ಡ ಉರಿ ಬೇಡ. ಸಣ್ಣ ಉರಿ ಸಾಕು. ಬರಿದೇ ಕಾಯಿಸಬೇಡಿ. ಒಳಗೆ ಮರದ ಸೌಟೇ ಆಡಿಸಿ. ಕಲಾಯಿ ಬಳಸ್ತಾ ಬಳಸ್ತಾ ಬೂದು ಬಣ್ಣಕ್ಕೆ ತಿರುಗುತ್ತೆ, ಅದು ಕೊಳೆ ಅಲ್ಲ. ಅಲ್ಲಲ್ಲಿ ಕೆಂಪು ಕಾಣಿಸಿಕೊಂಡಾಗ ತನ್ನಿ, ಮತ್ತೆ ಕಲಾಯಿ ಹಾಕಿಸಿಕೊಡ್ತೀನಿ."

ಮೇಸ್ತ್ರಿ ನಗುತ್ತ ತಲೆಯಾಡಿಸಿದ. ಒಂದಕ್ಷರವೂ ಕೇಳಿಸಿರಲಿಲ್ಲ. ಸೊಸೆ ಅವನ ಒಂದು ಕಿವಿಯ ಹತ್ತಿ ಎಳೆದು ಹಾಕಿದಳು. ಒಡತಿ ನಿಟ್ಟುಸಿರು ಬಿಟ್ಟು ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು.

"ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ," ಎಂದಳು ಕೊನೆಗೆ ಬೋಗುಣಿ ಕಟ್ಟುತ್ತ. "ನಮ್ಮ ಅಂಗಡೀಲಿ ಮೌನ ತಾಮ್ರ."

ಆ ಸಂಜೆಯ ಊಟ ಮಗ ಹೊರಗಿನಿಂದ ತಂದ. ಮೇಸ್ತ್ರಿಯೇ ತರಿಸಿದ. ಹೊಸ ಪಾತ್ರೆಯಲ್ಲಿ ಯಾರಿಗೂ ಕಾಣದಂತೆ ನೀರು ಕಾಯಿಸಿ, ಹಿಟ್ಟು ಹುರಿದು, ಉರಿಯ ಅಳತೆ ಕಲಿಯುವುದಿತ್ತು. ಈ ಸಲ ಹಿಟ್ಟು ನಡುವಿನಿಂದ ಅಂಚಿನವರೆಗೆ ಒಂದೇ ಬಣ್ಣಕ್ಕೆ ತಿರುಗಿತು, ಬಿಸ್ಕತ್ತಿನ ಬಣ್ಣ. ಅವನು ಅದನ್ನು ಬೆರಳಿನಿಂದ ಚಿಟಿಕೆ ತೆಗೆದು ತಿಂದ. ಬರೀ ಹುರಿದ ಹಿಟ್ಟು. ಇಷ್ಟು ರುಚಿಯಾದ್ದನ್ನು ಈಚೆಗೆ ತಿಂದಿರಲಿಲ್ಲ ಅನ್ನಿಸಿತು.

ಹೊರಗಿನ ಊಟದ ಪೊಟ್ಟಣ ಬಿಚ್ಚುವಾಗ ಹೆಂಡತಿ ಏನೂ ಕೇಳಲಿಲ್ಲ. ಅದೇ ಅವನಿಗೆ ಕಷ್ಟವಾದದ್ದು. ಕೈಚೆಲ್ಲಿದ್ದಾನೆ ಎಂದುಕೊಂಡಿರಬೇಕು.

ಶನಿವಾರ ಅಭ್ಯಾಸಕ್ಕೆ ಹೊರಟವಳು ಬಾಗಿಲಲ್ಲಿ ನಿಂತಳು. "ಇವತ್ತು ಮೇಷ್ಟ್ರು ಕೇಳ್ತಾರೆ."

"ಗೊತ್ತು."

"ಏನು ಹೇಳಲಿ?"

"ಊಟ ಮಾಡಿ ಹೇಳ್ತೀನಿ ಅನ್ನು. ನಾಳೆ ಬೆಳಿಗ್ಗೆ ಹೇಳಿದ್ರೆ ಆಕಾಶ ಏನೂ ಕಳಚಿ ಬೀಳಲ್ಲ."

ಅವಳು ಹೋದಳು. ಮೇಸ್ತ್ರಿ ಈರುಳ್ಳಿ ಹೆಚ್ಚಿದ, ಕಣ್ಣೀರು ಒರೆಸಿಕೊಂಡ, ಎಣ್ಣೆಯನ್ನು ಮೊದಲು ಹಾಕಿ ಆಮೇಲೆ ಒಲೆ ಹಚ್ಚಿದ. ಈರುಳ್ಳಿ, ಆಲೂಗಡ್ಡೆ, ಬಟಾಣಿ, ಟೊಮೆಟೊ. ಸಣ್ಣ ಉರಿ. ಮೊದಲ ಬೋಗುಣಿಯಾಗಿದ್ದರೆ ಇಷ್ಟು ಹೊತ್ತಿಗೆ ಚಟಪಟ, ಹೊಗೆ, ಗಲಾಟೆ. ಇಲ್ಲಿ ಏನೂ ಇಲ್ಲ. ಅವನಿಗೆ ದಿಗಿಲಾಯಿತು. ಕೈ ಗುಂಡಿಯ ಕಡೆಗೆ ಹೋಯಿತು. ಆ ಹೊತ್ತಿಗೇ ಸೊಸೆ ಸಮವಸ್ತ್ರದಲ್ಲೇ ಒಳಗೆ ಬಂದಳು.

"ಮುಟ್ಟಬೇಡಿ ಮಾವ."

"ಬೇಯ್ತಾನೇ ಇಲ್ಲ ಕಣಮ್ಮ."

"ಏರು ಹತ್ತುವಾಗ ಗೇರ್ ಕಮ್ಮಿ ಇರಬೇಕು. ಎಳೀಲಿ ಬಿಡಿ, ಅದರ ಪಾಡಿಗೆ."

ಮಗನೂ ಬಂದ. ಮೂವರೂ ಒಲೆಯ ಸುತ್ತ ನಿಂತರು, ಹೆರಿಗೆ ಕೋಣೆಯ ಹೊರಗೆ ನಿಂತವರಂತೆ. ಮೇಸ್ತ್ರಿ ಮುಚ್ಚಳ ತೆಗೆದ. ನಡುವಿನಲ್ಲಷ್ಟೇ ಅಲ್ಲ, ಅಂಚಿನವರೆಗೂ ಒಂದೇ ಸಮನೆ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಉರಿ ಒಂದಿಷ್ಟು ತಗ್ಗಿಸಿದ, ಗುಳ್ಳೆಗಳೂ ತಗ್ಗಿದವು. ಏರಿಸಿದ, ಏರಿದವು.

"ಬ್ರೇಕು ಚೆನ್ನಾಗಿ ಹಿಡಿಯುತ್ತೆ," ಎಂದಳು ಸೊಸೆ.

ಮಗ ಒಂದು ಅಂಚಿನ ಆಲೂಗಡ್ಡೆ, ಒಂದು ನಡುವಿನ ಆಲೂಗಡ್ಡೆ ತೆಗೆದು ಊದಿ ಊದಿ ತಿಂದ. ಏನೂ ಹೇಳದೆ ಮತ್ತೆ ಕೈ ಹಾಕಲು ಹೋಗಿ ಅಪ್ಪನಿಂದ ಮರದ ಸೌಟಿನ ಪೆಟ್ಟು ತಿಂದ.

ಹೆಂಡತಿ ಬಂದಾಗ ತಟ್ಟೆಗಳು ಹಾಕಿದ್ದವು. ಅವಳು ಕೂರುವ ಮೊದಲು ಅಡುಗೆಮನೆಗೆ ಹೋಗಿ ಮೂಗರಳಿಸಿದಳು. ಸೀದ ವಾಸನೆ ಇಲ್ಲ. ಸೌಟು ತೆಗೆದುಕೊಂಡು ಬೋಗುಣಿಯ ತಳವನ್ನು ಅಡ್ಡಕ್ಕೂ ಉದ್ದಕ್ಕೂ ಕೆರೆದು ನೋಡಿದಳು. ಸೌಟು ಎಲ್ಲೂ ತಡೆಯಲಿಲ್ಲ.

"ಇದು ಬೇರೆ ಪಾತ್ರೆ," ಅಂದಳು.

ಮೇಸ್ತ್ರಿ ಸೊಸೆಯನ್ನು ನೋಡಿದ. ಸೊಸೆ ಸೀಲಿಂಗ್ ನೋಡಿದಳು.

"ಅದೊಂದು ದೊಡ್ಡ ಕಥೆ. ಮೊದಲು ಊಟ ಮಾಡು."

ಅವಳು ಒಂದು ತುತ್ತು ಬಾಯಿಗಿಟ್ಟಳು. ನಿಧಾನವಾಗಿ ಅಗಿದಳು. ಇನ್ನೊಂದು ತುತ್ತು. ಮೇಸ್ತ್ರಿ ತನ್ನ ತಟ್ಟೆ ಮುಟ್ಟಿರಲಿಲ್ಲ. ಬೆಸುಗೆ ಹಾಕಿದ ತುತ್ತೂರಿಯನ್ನು ವಾದ್ಯದವನು ಮೊದಲ ಸಲ ಊದುವಾಗಲೂ ಅವನ ಎದೆ ಹೀಗೆ ಹೊಡೆದುಕೊಂಡಿರಲಿಲ್ಲ.

"ಉಪ್ಪು ಒಂಚೂರು ಕಮ್ಮಿ," ಎಂದಳು. ತಟ್ಟೆ ಮುಂದೆ ನೀಡಿದಳು. "ಇನ್ನೊಂದು ಸೌಟು ಹಾಕಿ."

ಮೇಸ್ತ್ರಿ ಎರಡು ಸೌಟು ಹಾಕಿದ. "ಹಾಗಾದ್ರೆ ನಾಳೆ ಮೇಷ್ಟ್ರಿಗೆ..."

"ಇವತ್ತೇ ಹೇಳಿಬಿಟ್ಟೆ."

"ಏನಂತ?"

"ಬರ್ತೀನಿ ಅಂತ. ದಿನಾ ಬರ್ತೀನಿ, ಮುಂದಿನ ಸಾಲಲ್ಲೇ ನಿಲ್ತೀನಿ ಅಂತ."

ಮೇಸ್ತ್ರಿಯ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು. "ರುಚಿ ನೋಡೋಕೆ ಮೊದಲೇ?"

"ಮೊದಲೇ. ಅಲ್ಲಿ ಹಾಡು ನಡೀತಿದ್ದಾಗ ಮನೆ ನೆನಪಾಯ್ತು. ಏನೋ ಸೀದು ಹೋಗ್ತಿರುತ್ತೆ ಅಂದ್ಕೊಂಡೆ. ಸೀಯಲಿ ಅನ್ನಿಸ್ತು. ನಾನು ಹೊಸದಾಗಿ ಬಂದಾಗ ವರ್ಷವಿಡೀ ತಳ ಹತ್ತಿಸ್ತಿದ್ದೆ. ನೀವು ತಿಂದು ಸುಮ್ಮನೆ ಕೈ ತೊಳ್ಕೊಂಡು ಹೋಗ್ತಿದ್ರಿ. ನಾನೂ ತಿಂದರಾಯ್ತು, ಅಂತ."

"ಹಾಗಾದ್ರೆ ನಾನು ಇಷ್ಟೆಲ್ಲ ಒದ್ದಾಡಿ ಪಾತ್ರೆ ಬದಲಾಯಿಸಿದ್ದು?"

"ಅದು ನಮ್ಮ ಪುಣ್ಯ ಮಾವ," ಎಂದಳು ಸೊಸೆ, ಬೋಗುಣಿಯನ್ನು ತನ್ನ ಕಡೆ ಎಳೆದುಕೊಳ್ಳುತ್ತ. "ಅತ್ತೆ ಸೀದದ್ದು ತಿಂತಿದ್ರು. ನಾವಲ್ಲ."

ಊಟ ಮುಗಿಯಿತು. ಬೋಗುಣಿಯ ಕಥೆಯೂ ಹೊರಬಂತು. ಗುಟ್ಟು ಕಾಪಾಡಬೇಕಿದ್ದ ಸೊಸೆಯೇ ಹತ್ತಿಯ ಉಂಡೆಗಳನ್ನೂ ಬಿಡದೆ ಎಲ್ಲ ಹೇಳಿದಳು. ಮಗ ನೀರು ಕುಡಿಯುತ್ತಿದ್ದವನು ಕೆಮ್ಮಿ ಕೆಮ್ಮಿ ಸುಸ್ತಾದ. ಹೆಂಡತಿ ನಗುತ್ತಲೇ ಎದ್ದು, ವರ್ಷಗಟ್ಟಲೆಯ ಅಭ್ಯಾಸದಿಂದ ತಟ್ಟೆಗಳನ್ನು ಪೇರಿಸಿ, ಬೋಗುಣಿಯನ್ನು ಸಿಂಕಿಗೆ ಒಯ್ದು, ಪಾತ್ರೆ ಉಜ್ಜುವ ಕಂಬಿಯ ನಾರು ಕೈಗೆ ತೆಗೆದುಕೊಂಡಳು.

"ಏಯ್! ಕೈ ತೆಗಿ!"

ಮನೆ ನಡುಗಿತು. ಮೇಸ್ತ್ರಿ ಎರಡು ಹೆಜ್ಜೆಯಲ್ಲಿ ಅಲ್ಲಿದ್ದ. "ಕಂಬಿ ತಾಗಿದ್ರೆ ಕಲಾಯಿ ಕಿತ್ತು ಬರುತ್ತೆ. ಬಿಸಿನೀರಲ್ಲಿ ನೆನೆಹಾಕಬೇಕು, ಬಟ್ಟೇಲಿ ಒರೆಸಬೇಕು. ಗೊತ್ತಿಲ್ಲದೆ ಮುಟ್ಟಬೇಡ."

ಅವಳು ಸೊಂಟದ ಮೇಲೆ ಕೈಯಿಟ್ಟಳು. "ನನ್ನ ಅಡುಗೆಮನೇಲಿ ನನ್ನನ್ನೇ ಗದರಿಸ್ತೀರಾ?"

"ಯಾರ ಅಡುಗೆಮನೆ?"

ಅವಳು ಸಿಂಕನ್ನೂ ಒಲೆಯನ್ನೂ ಡಬ್ಬಿಗಳ ಸಾಲನ್ನೂ ಒಮ್ಮೆ ನೋಡಿದಳು, ಬಸ್ಸಿನಿಂದ ಇಳಿಯುವವರು ಸೀಟಿನ ಮೇಲೆ ಏನಾದರೂ ಬಿಟ್ಟಿದ್ದೇವೆಯೇ ಎಂದು ತಿರುಗಿ ನೋಡುವ ಹಾಗೆ. ಆಮೇಲೆ ಕಂಬಿಯ ನಾರನ್ನು ಕಟ್ಟೆಯ ಮೇಲಿಟ್ಟಳು.

"ಒರೆಸೋ ಬಟ್ಟೆ ಎರಡನೇ ಖಾನೇಲಿದೆ," ಎಂದು ಹೇಳಿ, ಒದ್ದೆ ಕೈಯನ್ನು ಗಂಡನ ಅಂಗಿಗೇ ಒರೆಸಿ, ಹೊರಗೆ ಹೋದಳು.